ತುಂಟರ ಕತೆ, ತಾಯ್ತಂದೆಯರ ಪಾಡು

“ಟಿ.ವಿ. ನೋಡಿ ನೋಡಿ ಮಕ್ಕಳು ಹಾಳಾದರು” ಎಂಬ ಮಾತು ಕೇಳಿಬರದ ಮನೆ ನಮ್ಮ ಹೊಸೂರು-ಕೃಷ್ಣಗಿರಿ ಸೀಮೆಯಲ್ಲಿ ಸಿಗುವುದು ಕಷ್ಟ. ಈಗ ಟಿ.ವಿ.ಯ ಜಾಗಕ್ಕೆ ಮೊಬೈಲು ಬಂದಿದೆ. ದೂರು ಮಾತ್ರ ಹಳೆಯದೇ. ಆದರೆ ಓದುಗರೇ, ಒಂದು ವಿಚಿತ್ರವನ್ನು ಗಮನಿಸಿದ್ದೀರಾ? ಮಕ್ಕಳ ತುಂಟತನವನ್ನೇ ಬಂಡವಾಳ ಮಾಡಿಕೊಂಡು, ತಂದೆತಾಯಿಗಳನ್ನು ಪೇಚಿಗೆ ಸಿಕ್ಕಿಸಿ ನಗಿಸುವ ಹಾಸ್ಯ ಧಾರಾವಾಹಿಗಳನ್ನು ಮನೆಯಲ್ಲಿ ಹೆಚ್ಚು ಆಸೆಯಿಂದ ನೋಡುವವರು ದೊಡ್ಡವರೇ. ಈ ತಿಂಗಳು ಅಂಥ ಧಾರಾವಾಹಿಗಳ ವಿಚಾರವಾಗಿಯೇ ನಾಲ್ಕು ಮಾತು.

ನಮ್ಮದು ಗಡಿನಾಡು. ಒಂದೇ ಬೀದಿಯಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು ನಾಲ್ಕೂ ಕಿವಿಗೆ ಬೀಳುತ್ತವೆ. ತುಂಟ ಮಗುವಿಗೆ ತಮಿಳಿನ ನೆರೆಯವರು ‘ವಾಲು’ ಎನ್ನುತ್ತಾರೆ, ಅಂದರೆ ಬಾಲ. ನಾವು ‘ಬಾಲ ಬಿಚ್ಚಬೇಡ’ ಎಂದು ಗದರುತ್ತೇವೆ. ಅಂತೂ ಮಕ್ಕಳಿಗೆ ಬಾಲವಿದೆ ಎಂಬುದರಲ್ಲಿ ಎರಡು ಭಾಷೆಯವರಿಗೂ ಭಿನ್ನಾಭಿಪ್ರಾಯವಿಲ್ಲ! ತಮಿಳಿನಲ್ಲಿ ‘ಚುಟ್ಟಿ’ ಎಂಬ ಇನ್ನೊಂದು ಮಾತುಂಟು. ತುಂಟ ಎಂದರೂ ಅದೇ, ಚುರುಕು ಎಂದರೂ ಅದೇ. 2007ರಲ್ಲಿ ಸನ್ ಬಳಗದವರು ತಮಿಳು ಮಕ್ಕಳಿಗಾಗಿ ಒಂದು ವಾಹಿನಿ ತೆರೆದಾಗ ಅದಕ್ಕೆ ‘ಚುಟ್ಟಿ ಟಿ.ವಿ.’ ಎಂದೇ ಹೆಸರಿಟ್ಟರು. ಕನ್ನಡದಲ್ಲಿ ಹಾಗಲ್ಲ, ‘ಚೂಟಿ’ ಬೇರೆ, ‘ತುಂಟ’ ಬೇರೆ. ಇಂಥ ಧಾರಾವಾಹಿಗಳು ಮನೆಯೊಳಗೆ ತರುವ ತೊಡಕೆಲ್ಲ ಈ ಎರಡರ ನಡುವಿನ ಗೆರೆ ಅಳಿಸಿಹೋಗುವುದರಲ್ಲಿದೆ ಎಂದು ನನಗೆ ತೋರುತ್ತದೆ.

ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಆರಂಭವಾದದ್ದು 1981ರಲ್ಲಿ. ಹೊಸೂರಿನ ಕನ್ನಡ ಮನೆಗಳವರು ಉದ್ದನೆಯ ಕೊಳವೆಯ ತುದಿಗೆ ಆಂಟೆನಾ ಕಟ್ಟಿ, ಅದರ ಮುಖವನ್ನು ಬೆಂಗಳೂರಿನ ಕಡೆಗೆ ತಿರುಗಿಸಿಕೊಂಡ ಕಾಲ ಅದು. ಸೂರ್ಯ ಮುಳುಗುವ ಮೊದಲೇ ಊಟ ಮುಗಿಸುವ ನಮ್ಮ ಮನೆಗಳಲ್ಲಿ ಮಲಗುವ ತನಕ ಎರಡು ಮೂರು ಗಂಟೆ ಹೊತ್ತು ಉಳಿಯುತ್ತದಷ್ಟೆ. ಅದು ಮೊದಲು ಜಗುಲಿಯ ಹರಟೆಗೆ ಮೀಸಲಾಗಿತ್ತು, ಆಮೇಲೆ ಟಿ.ವಿ.ಯ ಪಾಲಾಯಿತು. ತೊಂಬತ್ತರ ದಶಕದಲ್ಲಿ ಕೇಬಲ್ ಬಂದ ಮೇಲೆ ಹಿಂದಿಯೂ ತಮಿಳೂ ಧಾರಾಳವಾಗಿ ಒಳಗೆ ಬಂದವು.

ಹಾಗೆ ಬಂದವುಗಳಲ್ಲಿ ‘ಹಮ್ ಪಾಂಚ್’ ನಮ್ಮ ವಿಷಯಕ್ಕೆ ತೀರ ಹತ್ತಿರದ್ದು. ಜೀ ಟಿ.ವಿ.ಯಲ್ಲಿ 1995ರಲ್ಲಿ ಆರಂಭವಾಗಿ 1999ರವರೆಗೆ ನಡೆದ ಹಾಸ್ಯ ಧಾರಾವಾಹಿ. ನಿರ್ಮಿಸಿದವರು ಏಕ್ತಾ ಕಪೂರ್. ಆನಂದ್ ಮಾಥುರ್ ಎಂಬ ಮಧ್ಯಮವರ್ಗದ ತಂದೆಗೆ ಐವರು ಹೆಣ್ಣುಮಕ್ಕಳು. ಒಬ್ಬಳು ಸ್ತ್ರೀ ಹಕ್ಕಿಗಾಗಿ ಸದಾ ಹೋರಾಟಕ್ಕೆ ಸಿದ್ಧ, ಒಬ್ಬಳು ಪುಸ್ತಕದ ಹುಳು, ಒಬ್ಬಳಿಗೆ ಸಿನಿಮಾ ಹುಚ್ಚು, ಒಬ್ಬಳು ಗಂಡುಡುಗೆ ತೊಟ್ಟ ಬೀದಿಯ ದಾದಾ, ಕೊನೆಯವಳು ಊರ ಸುದ್ದಿಯನ್ನೆಲ್ಲ ಹೊತ್ತು ತಿರುಗುವ ಪುಟ್ಟಿ. ಪುಸ್ತಕದ ಹುಳುವಾಗಿ ಕೆಲಕಾಲ ಕಾಣಿಸಿಕೊಂಡವರು ಮುಂದೆ ಹಿಂದಿ ಚಿತ್ರರಂಗದಲ್ಲಿ ದೊಡ್ಡ ಹೆಸರು ಮಾಡಿದ ವಿದ್ಯಾ ಬಾಲನ್. ತಂದೆಯಾಗಿ ಅಶೋಕ್ ಸರಾಫ್, ಎರಡನೆಯ ಹೆಂಡತಿಯಾಗಿ ಶೋಮಾ ಆನಂದ್. ಮೊದಲನೆಯ ಹೆಂಡತಿ ತೀರಿಕೊಂಡಿದ್ದಾಳೆ; ಆದರೆ ಗೋಡೆಯ ಮೇಲಿನ ಫೋಟೋದೊಳಗಿಂದಲೇ ಗಂಡನೊಡನೆ ಮಾತನಾಡುತ್ತಾಳೆ! ಫೋಟೋದಲ್ಲಿ ಕುಳಿತವರು ಪ್ರಿಯಾ ತೆಂಡುಲ್ಕರ್. 1985ರಲ್ಲಿ ‘ರಜನಿ’ಯಾಗಿ ದೂರದರ್ಶನದಲ್ಲಿ ಕಚೇರಿ ಕಚೇರಿಗೆ ನುಗ್ಗಿ ಅನ್ಯಾಯ ಪ್ರಶ್ನಿಸಿದ ಅದೇ ಪ್ರಿಯಾ ಇಲ್ಲಿ ಚೌಕಟ್ಟಿನಿಂದ ಹೊರಗೆ ಬರಲಾರರು. ನೋಡುವವರಿಗೆ ಈ ಎರಡನೆಯ ನಗೆ ಉಚಿತ.

ಆ ಧಾರಾವಾಹಿಯ ಜೀವ ಎಲ್ಲಿತ್ತು? ಮಕ್ಕಳ ಕಿಡಿಗೇಡಿತನದಲ್ಲಲ್ಲ, ಆ ತಂದೆಯ ಮುಖದಲ್ಲಿ. ಕೆಲಸದಿಂದ ದಣಿದು ಬಂದವನಿಗೆ ಒಂದು ಲೋಟ ನೀರಿಗೆ ಮೊದಲು ಐದು ದೂರು. ಅವನ ಮಾತನ್ನು ಸಮಾಧಾನವಾಗಿ ಕೇಳುವ ಒಂದೇ ಜೀವ ಗೋಡೆಯ ಮೇಲಿನ ಫೋಟೋ. ಸಿಪ್‌ಕಾಟ್ ಕಾರ್ಖಾನೆಯಿಂದ ಶಿಫ್ಟು ಮುಗಿಸಿ ಬಂದವರೂ, ಕೃಷ್ಣಗಿರಿಯ ಪೇಟೆಯಲ್ಲಿ ಅಂಗಡಿ ಬಾಗಿಲು ಹಾಕಿ ಬಂದವರೂ ಅದನ್ನು ನೋಡಿ ಬಿದ್ದು ಬಿದ್ದು ನಕ್ಕಿದ್ದರೆ ಆಶ್ಚರ್ಯವಿಲ್ಲ. ಅದು ಅವರದೇ ಕತೆ. ಇಂಥ ಧಾರಾವಾಹಿಗಳನ್ನು ಬರೆಯುವವರು ದೊಡ್ಡವರು, ಬರೆಯುವುದು ದೊಡ್ಡವರ ದಣಿವಿಗೆ. ಆದರೆ ಪಕ್ಕದಲ್ಲಿ ಕುಳಿತ ಏಳು ವರ್ಷದ ಮಗು ಬೇರೆಯೇ ಕತೆ ನೋಡುತ್ತಿರುತ್ತದೆ. ಅಪ್ಪನ ದಣಿವು ಅದಕ್ಕೆ ಕಾಣುವುದಿಲ್ಲ. ಎದುರುತ್ತರ ಕೊಟ್ಟವಳು ಗೆದ್ದಳು, ಎಲ್ಲರೂ ನಕ್ಕರು ಎಂಬುದಷ್ಟೇ ಕಾಣುತ್ತದೆ.

ಆ ‘ಎಲ್ಲರೂ’ ಯಾರು ಎಂಬುದೂ ತಿಳಿಯಬೇಕಾದ ಸಂಗತಿ. ಇಂಥ ಎಷ್ಟೋ ಕಾರ್ಯಕ್ರಮಗಳಲ್ಲಿ ಹಿನ್ನೆಲೆಯಲ್ಲಿ ಕೇಳುವ ನಗು ಮೊದಲೇ ಮುದ್ರಿಸಿಟ್ಟದ್ದು. 1950ರ ದಶಕದಲ್ಲಿ ಅಮೆರಿಕದ ಚಾರ್ಲಿ ಡಗ್ಲಸ್ ಎಂಬ ಶಬ್ದ ತಂತ್ರಜ್ಞರು ನಾನಾ ಬಗೆಯ ನಗುಗಳನ್ನು ತುಂಬಿದ ಒಂದು ಪೆಟ್ಟಿಗೆಯನ್ನೇ ತಯಾರಿಸಿದರು. ಕೀಲಿ ಒತ್ತಿದರೆ ಮುಗುಳ್ನಗೆ, ಇನ್ನೊಂದು ಒತ್ತಿದರೆ ಗಹಗಹ. ನಗಬೇಕಾದ ಜಾಗವನ್ನು ಯಂತ್ರವೇ ತೋರಿಸಿಕೊಡುತ್ತದೆ. ಮಗು ಒಂದು ಮಾತೆಸೆದು ನಗುವಿಗಾಗಿ ತುಸು ಕಾಯುತ್ತದಲ್ಲ, ಆ ಕಾಯುವಿಕೆ ಎಲ್ಲಿಂದ ಬಂತೆಂದು ಈಗ ಹೊಳೆದಿರಬೇಕು.

ಕೃಷ್ಣಗಿರಿಯ ಒಬ್ಬ ತಾಯಿ ನನಗೆ ಹೇಳಿದ್ದನ್ನು ಇಲ್ಲಿ ಬರೆಯುತ್ತೇನೆ, ಹೆಸರು ಬೇಡ. ಬೆಂಗಳೂರಿನಿಂದ ಭಾವ, ಓರಗಿತ್ತಿ ಬಂದಿದ್ದರಂತೆ. ದೊಡ್ಡಪ್ಪ ಪ್ರೀತಿಯಿಂದಲೇ, “ಏನೋ, ಚೆನ್ನಾಗಿ ಓದ್ತಿದ್ದೀಯೇನೋ?” ಎಂದರು. ಹುಡುಗ ಸೊಂಟದ ಮೇಲೆ ಕೈಯಿಟ್ಟು, “ನೀವು ಓದಿ ಏನು ಕಡಿದು ಕಟ್ಟೆ ಹಾಕಿದ್ರಿ ದೊಡ್ಡಪ್ಪಾ?” ಎಂದು ಒಗೆದ. ಕ್ಷಣ ಮೌನ. ಆಮೇಲೆ ಮನೆಯೆಲ್ಲ ನಗು. ದೊಡ್ಡಪ್ಪನೂ ನಕ್ಕರು, “ಭಾರೀ ಚೂಟಿ ಕಣೇ ನಿನ್ನ ಮಗ” ಎಂದರು. ತಾಯಿಯೂ ನಕ್ಕರು. ನೆಂಟರನ್ನು ಬಸ್ಸಿಗೆ ಹತ್ತಿಸಿ ಬಂದ ತಂದೆ, ಚಪ್ಪಲಿ ಬಿಡುವುದಕ್ಕೂ ಮೊದಲೇ ಹುಡುಗನ ಕೆನ್ನೆಗೆ ಬಾರಿಸಿದರು. ಹುಡುಗ ಅಳಲಿಲ್ಲವಂತೆ. ತಾಯಿಯ ಕಡೆ ತಿರುಗಿ, “ಆಗ ನಕ್ಕಿದ್ರಲ್ಲ, ಈಗ ಯಾಕೆ ಹೊಡೀತಾರೆ?” ಎಂದು ಕೇಳಿದನಂತೆ.

ಇದಕ್ಕೆ ಆ ತಾಯಿಯ ಬಳಿ ಉತ್ತರವಿರಲಿಲ್ಲ. ನಮ್ಮಲ್ಲಿ ಎಷ್ಟು ಜನರ ಬಳಿ ಇದೆ? ನೆಂಟರ ಮುಂದೆ ಚೂಟಿ, ನೆಂಟರು ಹೋದ ಮೇಲೆ ತುಂಟ. ಅದೇ ಮಾತು, ಅದೇ ಬಾಯಿ. ಮಗು ಕಲಿತದ್ದೇನು? ಆ ಮಾತು ತಪ್ಪು ಎಂದಂತೂ ಅಲ್ಲ. ಜನ ಇರುವಾಗ ಆಡಿದರೆ ಬಹುಮಾನ, ಇಲ್ಲದಾಗ ಪೆಟ್ಟು ಎಂದು ಕಲಿತಿತು. ಧಾರಾವಾಹಿ ಮಗುವನ್ನು ಕೆಡಿಸಿತು ಎನ್ನುವುದಕ್ಕಿಂತ, ನಾವು ಸೋಫಾದ ಮೇಲೆ ಕುಳಿತು ಧಾರಾವಾಹಿಯ ಆ ನಗುವಿನ ಪೆಟ್ಟಿಗೆಯ ಕೆಲಸ ಮಾಡಿದೆವು ಎನ್ನುವುದು ಸತ್ಯಕ್ಕೆ ಹತ್ತಿರ.

ಪೆಟ್ಟಿನ ಮಾತು ಬಂದದ್ದರಿಂದ ಜಪಾನಿನ ‘ಶಿನ್-ಚಾನ್’ ಬಗ್ಗೆ ಹೇಳಲೇಬೇಕು. ಚಿತ್ರ ಬಿಡಿಸಿ ಮಾಡಿದ್ದಾದರೂ ಅದೂ ಒಂದು ಸಂಸಾರದ ಹಾಸ್ಯ ಧಾರಾವಾಹಿಯೇ. ಐದು ವರ್ಷದ ಹುಡುಗ, ಸಾಲದ ಮನೆ, ಕಚೇರಿಯಲ್ಲಿ ಸವೆಯುವ ತಂದೆ, ರೇಗುವ ತಾಯಿ. 2006ರಲ್ಲಿ ಹಂಗಾಮ ವಾಹಿನಿಯ ಮೂಲಕ ಭಾರತಕ್ಕೆ ಬಂತು. ಹಿಂದಿಯಲ್ಲಷ್ಟೇ ಅಲ್ಲ, ತಮಿಳು ತೆಲುಗುಗಳಲ್ಲೂ ಮಾತನಾಡಿತು. ಆದ್ದರಿಂದ ನಮ್ಮ ಗಡಿಯ ಮಕ್ಕಳಿಗೆ ಅದನ್ನು ತಪ್ಪಿಸಿಕೊಳ್ಳುವ ದಾರಿಯೇ ಇರಲಿಲ್ಲ. 2008ರಲ್ಲಿ ಪೋಷಕರ ದೂರುಗಳು ಹೆಚ್ಚಿ ಪ್ರಸಾರಕ್ಕೆ ತಡೆ ಬಿತ್ತು. ಕತ್ತರಿ ಆಡಿಸಿದ ಮೇಲೆ ಮತ್ತೆ ಬಂತು. ಬಹಳ ಜನರಿಗೆ ತಿಳಿಯದ ಸಂಗತಿಯೆಂದರೆ, ಯೋಶಿತೋ ಉಸುಯಿ ಎಂಬ ಚಿತ್ರಕಾರರು 1990ರಲ್ಲಿ ಈ ಹುಡುಗನನ್ನು ಸೃಷ್ಟಿಸಿದ್ದು ಮಕ್ಕಳ ಪತ್ರಿಕೆಗಲ್ಲ, ದೊಡ್ಡವರು ಓದುವ ವಾರಪತ್ರಿಕೆಗೆ. ಅಂದರೆ ಇದೂ ಹೆತ್ತವರು ತಮ್ಮನ್ನು ತಾವೇ ನೋಡಿ ನಗಲೆಂದು ಮಾಡಿದ ಅಡುಗೆ. ಅದನ್ನು ನಾವು ಮಕ್ಕಳ ತಟ್ಟೆಗೆ ಬಡಿಸಿ, ಅಜೀರ್ಣವಾಯಿತೆಂದು ಅಡುಗೆಯವನನ್ನು ಬೈಯುತ್ತಿದ್ದೇವೆ.

ಅಲ್ಲಿ ತಾಯಿ ಸಿಟ್ಟಿನಿಂದ ಗುದ್ದಿದರೆ ಹುಡುಗನ ತಲೆಯ ಮೇಲೆ ದೊಡ್ಡ ಬುಗುಟು ಏಳುತ್ತದೆ, ಮುಂದಿನ ದೃಶ್ಯದಲ್ಲಿ ಮಾಯ. ನಿಜವಾದ ಕೆನ್ನೆಯ ಮೇಲಿನ ಬೆರಳ ಗುರುತು ಅಷ್ಟು ಬೇಗ ಮಾಯವಾಗುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಯಲ್ಲಿ ಮಕ್ಕಳಿಗೆ ಹೊಡೆಯುವುದನ್ನು ನಿಷೇಧಿಸಿತು. ಮನೆಯ ಹೊಸ್ತಿಲೊಳಗೆ ಆ ಕಾಯ್ದೆ ಬರುವುದಿಲ್ಲ. ಅಲ್ಲಿ ನಮಗೆ ನಾವೇ ಕಾಯ್ದೆ.

ಹಾಗಾದರೆ ತುಂಟ ಮಕ್ಕಳ ಹಾಸ್ಯವನ್ನೇ ನೋಡಬಾರದೇ? ಹಾಗೇನೂ ಅಲ್ಲ. ಬೇರೆ ರೀತಿಯಲ್ಲೂ ಮಾಡಿದವರಿದ್ದಾರೆ. ಇಂಗ್ಲೆಂಡಿನ ಬಿ.ಬಿ.ಸಿ.ಯಲ್ಲಿ 2007ರಿಂದ 2014ರವರೆಗೆ ‘ಔಟ್‌ನಂಬರ್ಡ್’ ಎಂಬ ಧಾರಾವಾಹಿ ಬಂತು. ತಂದೆತಾಯಿ ಇಬ್ಬರು, ಮಕ್ಕಳು ಮೂವರು. ಲೆಕ್ಕದಲ್ಲೇ ಹೆತ್ತವರು ಸೋತವರು ಎಂಬುದು ಹೆಸರಿನ ತಾತ್ಪರ್ಯ. ಬರೆದವರಾದ ಆಂಡಿ ಹ್ಯಾಮಿಲ್ಟನ್ ಮತ್ತು ಗೈ ಜೆಂಕಿನ್ ಮಕ್ಕಳಿಗೆ ಸಂಭಾಷಣೆ ಬಾಯಿಪಾಠ ಮಾಡಿಸಲಿಲ್ಲ. ಚಿತ್ರೀಕರಣಕ್ಕೆ ಸ್ವಲ್ಪ ಮೊದಲು ಸಂದರ್ಭ ಇಂಥದ್ದು ಎಂದು ಹೇಳಿ, ಬಹಳ ಮಟ್ಟಿಗೆ ಅವರ ಬಾಯಿಗೆ ಬಂದದ್ದನ್ನೇ ಆಡಲು ಬಿಟ್ಟರು. ಮುದ್ರಿತ ನಗುವೂ ಇಲ್ಲ. ಆದ್ದರಿಂದ ಅಲ್ಲಿನ ಮಕ್ಕಳು ಎದುರುತ್ತರ ಕೊಡುವುದಕ್ಕಿಂತ ಹೆಚ್ಚಾಗಿ ಪ್ರಶ್ನೆ ಕೇಳುತ್ತಾರೆ. ಕೊನೆಯಿಲ್ಲದಂತೆ, ಉತ್ತರ ಸಿಗದಂತೆ ಕೇಳುತ್ತಾರೆ. ನಿಜವಾದ ಮಕ್ಕಳೂ ಹಾಗೆಯೇ ಅಲ್ಲವೇ? ನಾಟಕದ ಮಾತನ್ನು ಬಾಯಿಪಾಠ ಮಾಡಿಸಿದ ಮಗುವಿಗೂ ತನ್ನಷ್ಟಕ್ಕೆ ಯೋಚಿಸಿ ಕೇಳುವ ಮಗುವಿಗೂ ಇರುವ ಅಂತರ ಪರದೆಯ ಮೇಲೂ ಎದ್ದು ಕಾಣುತ್ತದೆ.

ಅಷ್ಟು ದೂರವೇಕೆ? ನಮ್ಮ ಆಗುಂಬೆಯಲ್ಲೇ ಶಂಕರ್ ನಾಗ್ ಚಿತ್ರಿಸಿದ ‘ಮಾಲ್ಗುಡಿ ಡೇಸ್’ ಇದೆ. 1980ರ ದಶಕದಲ್ಲಿ ದೂರದರ್ಶನದಲ್ಲಿ ಬಂದ ಅದರಲ್ಲಿ ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ತಂದೆಯಾಗಿ ಗಿರೀಶ್ ಕಾರ್ನಾಡ್, ತಾಯಿಯಾಗಿ ವೈಶಾಲಿ ಕಾಸರವಳ್ಳಿ. ಆರ್.ಕೆ. ನಾರಾಯಣ್ ಬರೆದ ಸ್ವಾಮಿಯ ಕತೆಗಳಲ್ಲಿ ಒಂದು ನೆನಪಾಗುತ್ತದೆ. ಹುಲಿಯನ್ನು ಎದುರಿಸಿದ ಹಳ್ಳಿ ಹುಡುಗನೊಬ್ಬನ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ತಂದೆ, ಧೈರ್ಯವೊಂದಿದ್ದರೆ ಸಾಕೆಂದು ಹೇಳಿ, ಅಜ್ಜಿಯ ಮಗ್ಗುಲಲ್ಲಿ ಮಲಗುವ ಸ್ವಾಮಿಗೆ ಆ ರಾತ್ರಿ ತನ್ನ ಕಚೇರಿ ಕೋಣೆಯಲ್ಲಿ ಒಬ್ಬನೇ ಮಲಗುವಂತೆ ಸವಾಲು ಹಾಕುತ್ತಾನೆ. ಹೆದರಿ ಬೆಂಚಿನ ಕೆಳಗೆ ಮುದುಡಿದ ಹುಡುಗ, ಕತ್ತಲಲ್ಲಿ ಏನೋ ಬಂದಂತಾಗಿ ಬಲವಾಗಿ ಕಚ್ಚುತ್ತಾನೆ. ಸಿಕ್ಕಿದ್ದು ಕಳ್ಳನ ಕಾಲು! ಊರೆಲ್ಲ ಹೊಗಳುತ್ತದೆ. ಮರುರಾತ್ರಿ ಸ್ವಾಮಿ ಮತ್ತೆ ಅಜ್ಜಿಯ ಮಗ್ಗುಲಲ್ಲಿ ಗೊರಕೆ ಹೊಡೆಯುತ್ತಿರುತ್ತಾನೆ. ಇಲ್ಲಿಯೂ ಕೊನೆಗೆ ಸೋಲುವವನು ತಂದೆಯೇ. ಆದರೆ ಯಾರೂ ಅವನನ್ನು ಹಂಗಿಸಲಿಲ್ಲ, ಹುಡುಗ ಒಂದು ಉದ್ಧಟತನದ ಮಾತನ್ನೂ ಆಡಲಿಲ್ಲ. ಆ ರಾತ್ರಿ ಹುಡುಗನಿಗೆ ಎಷ್ಟು ಹೆದರಿಕೆಯಾಗಿತ್ತೆಂಬುದು ಮಾತ್ರ ನೋಡುವ ದೊಡ್ಡವರಿಗೆ ತಟ್ಟದೆ ಇರದು. ‘ಹಮ್ ಪಾಂಚ್’ ತಂದೆಯ ಕಡೆಯಿಂದ ನೋಡಿದ ಮನೆ. ಇದು ಮಗುವಿನ ಕಡೆಯಿಂದ ನೋಡಿದ ಮನೆ. ಎರಡನ್ನೂ ನೋಡಿದ ಮನೆಯವರಿಗೆ ಮಾತನಾಡಲು ಬೇಕಾದಷ್ಟು ಸಿಗುತ್ತದೆ.

ಇನ್ನೊಂದು ಸಣ್ಣ ಸಂಗತಿ. ಇದು ನಮ್ಮ ಸೀಮೆಗೇ ವಿಶೇಷವಾದದ್ದು. ಇಲ್ಲಿನ ಮಗು ಹಾಸ್ಯವನ್ನು ಕೇಳುವುದು ತಮಿಳಿನಲ್ಲೋ ಹಿಂದಿಯಲ್ಲೋ, ಮನೆಯಲ್ಲಿ ಒಪ್ಪಿಸುವುದು ಕನ್ನಡದಲ್ಲಿ. ನಮ್ಮ ಎಷ್ಟೋ ಮನೆಗಳಲ್ಲಿ ಅಮ್ಮನಿಗೆ ‘ನೀನು’, ಅಪ್ಪನಿಗೆ ‘ನೀವು’. ಅಮ್ಮನಿಗೆ ಹೇಳಿದರೆ ಸಲಿಗೆಯಾಗುವ ಮಾತು ಅಪ್ಪನಿಗೆ ಹೇಳಿದರೆ ಪೆಟ್ಟಿಗೆ ದಾರಿ. ಪರದೆಯ ಮೇಲೆ ದನಿಯಲ್ಲಿದ್ದ ತಮಾಷೆ ಭಾಷೆ ದಾಟುವಾಗ ಅತ್ತಿಬೆಲೆ ಗಡಿಯಲ್ಲಿ ಸುಂಕಕ್ಕೆ ಸಿಕ್ಕಿದ ಸರಕಿನಂತೆ ಅಲ್ಲೇ ಉಳಿದು, ಬರೀ ಒರಟುತನ ಒಳಗೆ ಬರುತ್ತದೆ. ಮಗು ಅದನ್ನು ಬೇಕೆಂದೇ ತಂದದ್ದಲ್ಲ ಎಂಬುದು ನಮಗೆ ನೆನಪಿದ್ದರೆ ಕೈ ಅಷ್ಟು ಬೇಗ ಮೇಲೆ ಏಳಲಿಕ್ಕಿಲ್ಲ.

ಈಗಂತೂ ಒಂದೇ ಪರದೆಯ ಮುಂದೆ ಎಲ್ಲರೂ ಕೂಡುವುದೇ ಅಪರೂಪ. ಅಪ್ಪ ತನ್ನ ಮೊಬೈಲಿನಲ್ಲಿ ಒಬ್ಬನೇ ನಗುತ್ತಾನೆ, ಮಗು ತನ್ನದರಲ್ಲಿ. ಏನು ನೋಡಿ ನಕ್ಕರು ಎಂಬುದು ಒಬ್ಬರದು ಒಬ್ಬರಿಗೆ ತಿಳಿಯದು. ಹಳೆಯ ಟಿ.ವಿ.ಯ ಕಾಲದಲ್ಲಿ, ಅದೆಷ್ಟೇ ದೂರುಗಳಿದ್ದರೂ, “ಆ ಹುಡುಗಿ ಹಾಗೆ ಹೇಳಿದಾಗ ಅವರಪ್ಪನ ಮುಖ ನೋಡಿದೆಯಾ?” ಎಂದು ಅಜ್ಜಿ ಕೇಳುವುದಕ್ಕೆ ಅವಕಾಶವಿತ್ತು. ಆ ಒಂದು ಪ್ರಶ್ನೆಗೆ ಮಗು ಪರದೆಯ ಇನ್ನೊಂದು ಮೂಲೆಗೆ ಕಣ್ಣು ತಿರುಗಿಸುತ್ತಿತ್ತು.

ಕೃಷ್ಣಗಿರಿಯ ಆ ಮನೆಯಲ್ಲಿ ಈಗ ಒಂದು ಒಪ್ಪಂದವಾಗಿದೆಯಂತೆ. ನೆಂಟರೆದುರು ಹುಡುಗ ಏನಾದರೂ ಒಗೆದರೆ ತಂದೆತಾಯಿ ನಗುವುದಿಲ್ಲ, ಹೊಡೆಯುವುದೂ ಇಲ್ಲ. “ಆ ಮಾತು ಬೇಡ ಕಂದಾ, ಇನ್ನೊಂದು ಸಲ ಸರಿಯಾಗಿ ಹೇಳು” ಎಂದಷ್ಟೇ ಹೇಳುತ್ತಾರೆ. ಎಲ್ಲರೆದುರು ಮತ್ತೆ ಹೇಳುವುದೆಂದರೆ ಅವನಿಗೆ ಪೆಟ್ಟಿಗಿಂತ ಕಷ್ಟ. ತಂದೆಗೆ ಈ ಪಾಠ ಇನ್ನೂ ಪೂರ್ತಿ ಬಂದಿಲ್ಲ ಎಂದು ತಾಯಿಯ ದೂರು. ತಮ್ಮ ಪಾಡೂ ಅಷ್ಟೇ ಎಂದರು. ಕಳೆದ ವಾರ ಬೀಗಿತ್ತಿಯೊಬ್ಬರು ಬಂದಿದ್ದಾಗ ಹುಡುಗ ಆಡಿದ ಒಂದು ಮಾತು ಎಂಥದ್ದಿತ್ತೆಂದರೆ, ಮುಖ ಗಂಟಿಕ್ಕಿಕೊಂಡೇ ಅಡುಗೆಮನೆಗೆ ಹೋಗಿ, ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕು ಬಂದರಂತೆ. ಆ ಮಾತು ಯಾವುದೆಂದು ಎಷ್ಟು ಕೇಳಿದರೂ ನನಗೆ ಹೇಳಲಿಲ್ಲ.