ಸರಕಾರಿ ಕಚೇರಿ ನಡೆಸುವುದೂ ಒಂದು ವಿದ್ಯೆ: ನಮ್ಮ ಮಕ್ಕಳು ಕಲಿಯುತ್ತಿದ್ದಾರೆಯೇ?

ಪಿಯುಸಿ ಮತ್ತು ಪದವಿ ಪರೀಕ್ಷೆಗಳ ಫಲಿತಾಂಶ ಬಂದೊಡನೆ ಕರಾವಳಿಯ ಮನೆಮನೆಗಳಲ್ಲಿ ಕೇಳಿಬರುವುದು ಒಂದೇ ಪ್ರಶ್ನೆ: ಮುಂದೇನು? ಉತ್ತರಗಳೂ ಹೆಚ್ಚುಕಡಿಮೆ ಸಿದ್ಧವಾಗಿಯೇ ಇರುತ್ತವೆ. ಇಂಜಿನಿಯರಿಂಗ್, ನರ್ಸಿಂಗ್, ಸಿಎ, ಎಂಬಿಎ. ಆ ಬಳಿಕ ಬೆಂಗಳೂರು, ಗಲ್ಫ್ ಅಥವಾ ಕೆನಡಾ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಈ ಪಟ್ಟಿಯಲ್ಲಿ ಸಾರ್ವಜನಿಕ ಆಡಳಿತ ಅಥವಾ ಸಾರ್ವಜನಿಕ ವಲಯದ ನಿರ್ವಹಣೆ ಎಂಬ ಹೆಸರು ಕಾಣುವುದು ಬಹಳ ಅಪರೂಪ. ಪಂಚಾಯತ್ ಕಚೇರಿಯಿಂದ ಹಿಡಿದು ಬಂದರಿನವರೆಗೆ ಸಾರ್ವಜನಿಕ ಸಂಸ್ಥೆಗಳನ್ನು ನಡೆಸುವುದಕ್ಕೂ ಒಂದು ವಿದ್ಯೆಯಿದೆ, ಅದನ್ನು ವಿಶ್ವವಿದ್ಯಾನಿಲಯಗಳಲ್ಲಿ ಕಲಿಸುತ್ತಾರೆ ಎಂಬುದು ಅನೇಕ ಪೋಷಕರಿಗೆ ತಿಳಿದೇ ಇಲ್ಲ.

ಕರಾವಳಿಗೂ ಸಾರ್ವಜನಿಕ ವಲಯಕ್ಕೂ ಇರುವ ನಂಟು

ನಮ್ಮ ಜಿಲ್ಲೆಗಳ ಬದುಕು ಸಾರ್ವಜನಿಕ ಸಂಸ್ಥೆಗಳ ಜೊತೆ ಎಷ್ಟು ಹೆಣೆದುಕೊಂಡಿದೆ ಎಂಬುದನ್ನು ಒಮ್ಮೆ ನೋಡೋಣ. ನವಮಂಗಳೂರು ಬಂದರು 1974ರಲ್ಲಿ ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿತು. ಖಾಸಗಿ ಸಹಭಾಗಿತ್ವದಲ್ಲಿ ಆರಂಭವಾಗಿದ್ದ ಎಂಆರ್‌ಪಿಎಲ್ 2003ರಲ್ಲಿ ಓಎನ್‌ಜಿಸಿಯ ಕೈಸೇರಿತು. ಕೊಂಕಣ ರೈಲ್ವೆಯನ್ನು ಕಟ್ಟಿದ್ದು 1990ರಲ್ಲಿ ಸ್ಥಾಪನೆಯಾದ ಸರಕಾರಿ ನಿಗಮ. ಇಲ್ಲಿ ಹುಟ್ಟಿದ ಬ್ಯಾಂಕುಗಳಲ್ಲಿ ಕೆನರಾ ಮತ್ತು ಸಿಂಡಿಕೇಟ್ 1969ರಲ್ಲಿ, ವಿಜಯಾ ಮತ್ತು ಕಾರ್ಪೊರೇಶನ್ 1980ರಲ್ಲಿ ರಾಷ್ಟ್ರೀಕರಣಗೊಂಡವು. 2019ರ ಏಪ್ರಿಲ್‌ನಲ್ಲಿ ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. ಮರುವರ್ಷ ಸಿಂಡಿಕೇಟ್ ಕೆನರಾದಲ್ಲಿ, ಕಾರ್ಪೊರೇಶನ್ ಯೂನಿಯನ್ ಬ್ಯಾಂಕಿನಲ್ಲಿ ಸೇರಿಹೋದವು. ಊರಿನವರು ಬೇಸರಪಟ್ಟರು, ಪ್ರತಿಭಟಿಸಿದರು. ಆದರೆ ಇಂತಹ ತೀರ್ಮಾನಗಳು ಎಲ್ಲಿ, ಹೇಗೆ, ಯಾವ ಲೆಕ್ಕಾಚಾರದ ಮೇಲೆ ಆಗುತ್ತವೆ ಎಂಬುದನ್ನು ಅಭ್ಯಾಸ ಮಾಡಿದವರು ನಮ್ಮ ನಡುವೆ ಎಷ್ಟು ಮಂದಿ?

ಎಂಬಿಎಗಿಂತ ಇದು ಹೇಗೆ ಬೇರೆ?

ಖಾಸಗಿ ಕಂಪೆನಿಯ ವ್ಯವಸ್ಥಾಪಕನಿಗೆ ಕೊನೆಗೆ ಲಾಭ ನಷ್ಟದ ಅಳತೆಗೋಲು ಇದೆ. ನಷ್ಟದ ವ್ಯವಹಾರವನ್ನು ಆತ ಮುಚ್ಚಬಹುದು. ಸಾರ್ವಜನಿಕ ಸಂಸ್ಥೆಯ ಅಧಿಕಾರಿಗೆ ಆ ಸ್ವಾತಂತ್ರ್ಯ ಇಲ್ಲ. ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ರೋಗಿಗಳು ಕಡಿಮೆ ಬರುತ್ತಾರೆಂದು ಬೀಗ ಹಾಕುವಂತಿಲ್ಲ. ಟೆಂಡರ್ ನಿಯಮ, ಮೀಸಲಾತಿ, ಮಹಾಲೇಖಪಾಲರ ಪರಿಶೋಧನೆ, 2005ರ ಮಾಹಿತಿ ಹಕ್ಕು ಕಾಯಿದೆ, ಶಾಸಕರ ಪ್ರಶ್ನೆ ಇವೆಲ್ಲಕ್ಕೂ ಆತ ಉತ್ತರ ಹೇಳಬೇಕು. ಕಡಿಮೆ ಹಣದಲ್ಲಿ, ಎಲ್ಲರಿಗೂ ನ್ಯಾಯವಾಗಿ, ಕಾನೂನಿನೊಳಗೆ ಕೆಲಸ ಮುಗಿಸುವುದು ಹೇಗೆ ಎಂಬುದೇ ಈ ವಿದ್ಯೆಯ ತಿರುಳು.

ನಮ್ಮ ಊರಿನದೇ ಒಂದು ಉದಾಹರಣೆ. 2023ರ ಜೂನ್‌ನಲ್ಲಿ ಜಾರಿಗೆ ಬಂದ ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣ ಇರುವುದು ಸರಕಾರಿ ಬಸ್ಸುಗಳಲ್ಲಿ. ದಕ್ಷಿಣ ಕನ್ನಡ ಮತ್ತು ಉಡುಪಿಯಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸುಗಳು. ಹಾಗಾಗಿ ಯೋಜನೆ ಇಡೀ ರಾಜ್ಯಕ್ಕೆ ಒಂದೇ ಆದರೂ ಅದರ ಫಲ ಇಲ್ಲಿನ ಅನೇಕ ಮಹಿಳೆಯರಿಗೆ ಅಷ್ಟಾಗಿ ದೊರಕಲಿಲ್ಲ. ಇಲ್ಲಿ ಸರಕಾರಿ ಬಸ್ಸು ಹೆಚ್ಚಿಸಬೇಕೇ? ಖಾಸಗಿಯವರನ್ನು ಸೇರಿಸಿಕೊಳ್ಳಬೇಕೇ? ಉಚಿತ ಟಿಕೆಟಿನ ಹಣ ಸಾರಿಗೆ ನಿಗಮಕ್ಕೆ ಯಾವಾಗ, ಹೇಗೆ ತಲುಪಬೇಕು? ಇವು ರಾಜಕೀಯ ಭಾಷಣದ ಪ್ರಶ್ನೆಗಳು ಮಾತ್ರವಲ್ಲ, ನಿರ್ವಹಣೆಯ ಪ್ರಶ್ನೆಗಳು.

ಬೆಂಗಳೂರು ಕಲಿಸಿದ ಪಾಠ

ಈ ವಿದ್ಯೆ ನಮ್ಮ ದೇಶಕ್ಕೆ ಹೊಸದಲ್ಲ. ಅಮೆರಿಕದ ತಜ್ಞ ಪಾಲ್ ಆಪಲ್‌ಬಿ 1953ರಲ್ಲಿ ನೀಡಿದ ವರದಿಯ ಫಲವಾಗಿ ಮರುವರ್ಷವೇ ದೆಹಲಿಯಲ್ಲಿ ಭಾರತೀಯ ಸಾರ್ವಜನಿಕ ಆಡಳಿತ ಸಂಸ್ಥೆ ಆರಂಭವಾಯಿತು. ಇಂದು ಖಾಸಗಿ ಕಂಪೆನಿಗಳ ಭಾರೀ ಸಂಬಳಕ್ಕೆ ಹೆಸರಾದ ಬೆಂಗಳೂರಿನ ಐಐಎಂ 1973ರಲ್ಲಿ ಹುಟ್ಟಿದ್ದೂ ಸಾರ್ವಜನಿಕ ವಲಯಕ್ಕೆ ವ್ಯವಸ್ಥಾಪಕರನ್ನು ಸಿದ್ಧಪಡಿಸುವ ಗುರಿಯಿಂದಲೇ. ಎಚ್‌ಎಎಲ್, ಬಿಇಎಲ್, ಐಟಿಐ, ಎಚ್‌ಎಂಟಿಯಂತಹ ಉದ್ದಿಮೆಗಳಿದ್ದ ನಗರಕ್ಕೆ ಅದು ಸಹಜವೂ ಆಗಿತ್ತು. ಆದರೆ ಮುಂದೆ ಅದು ಎಲ್ಲ ಉದ್ದಿಮೆಗಳಿಗೂ ಸಲ್ಲುವ ಸಾಮಾನ್ಯ ನಿರ್ವಹಣಾ ಸಂಸ್ಥೆಯಾಗಿ ಬದಲಾಯಿತು. 2000ದ ದಶಕದ ಆರಂಭದಲ್ಲಿ ಸಾರ್ವಜನಿಕ ನೀತಿ ಮತ್ತು ನಿರ್ವಹಣೆಯ ಪ್ರತ್ಯೇಕ ಸ್ನಾತಕೋತ್ತರ ಕೋರ್ಸನ್ನು ಅದು ತೆರೆಯಿತಾದರೂ, ಅದರ ಗಮನ ಮುಖ್ಯವಾಗಿ ಆಗಲೇ ಸೇವೆಯಲ್ಲಿದ್ದ ಅಧಿಕಾರಿಗಳ ಮೇಲಿತ್ತು. ಕೋರ್ಸು ತೆರೆದರಷ್ಟೇ ಸಾಲದು. ಕಲಿತವರನ್ನು ಕರೆದು ಕೂರಿಸುವ ಕುರ್ಚಿಯೂ ಬೇಕು ಎಂಬುದನ್ನು ನಾವು ಇದರಿಂದ ತಿಳಿಯಬಹುದು.

ಪದವಿ ಪಡೆದರೆ ಕೆಲಸ ಸಿಗುತ್ತದೆಯೇ?

ಪೋಷಕರು ಕೇಳುವ ಈ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸಬೇಕು. ನೇರವಾಗಿ ಸಿಗುವುದಿಲ್ಲ. ಐಎಎಸ್, ಕೆಎಎಸ್ ಅಥವಾ ಪಂಚಾಯತ್ ಅಭಿವೃದ್ಧಿ ಅಧಿಕಾರಿ ಹುದ್ದೆಗೆ ಯಾವುದೇ ವಿಷಯದ ಪದವಿ ಸಾಕು, ಆಯ್ಕೆ ನಡೆಯುವುದು ಪರೀಕ್ಷೆಯ ಮೂಲಕ. ಸಾರ್ವಜನಿಕ ಆಡಳಿತವನ್ನು 1987ರಿಂದ ಯುಪಿಎಸ್‌ಸಿಯಲ್ಲಿ ಐಚ್ಛಿಕ ವಿಷಯವಾಗಿ ತೆಗೆದುಕೊಳ್ಳಬಹುದು. 2013ರಲ್ಲಿ ಪರೀಕ್ಷೆಯ ಸ್ವರೂಪ ಬದಲಾಗಿ ಐಚ್ಛಿಕ ವಿಷಯಗಳು ಎರಡರಿಂದ ಒಂದಕ್ಕೆ ಇಳಿದವು. ಅದೇ ವರ್ಷ ನೈತಿಕತೆ ಮತ್ತು ಪ್ರಾಮಾಣಿಕತೆಯ ಬಗ್ಗೆ 250 ಅಂಕಗಳ ಹೊಸ ಪ್ರಶ್ನೆಪತ್ರಿಕೆ ಸೇರಿಕೊಂಡಿತು. ಅಂದರೆ ಈ ವಿಷಯ ಓದಿದವನಿಗೆ ಪರೀಕ್ಷೆಯಲ್ಲಿ ನೆರವು ಇದೆ, ಭರವಸೆ ಇಲ್ಲ.

ಪರಿಣತರನ್ನು ಹೊರಗಿನಿಂದ ನೇರವಾಗಿ ತರುವ ಪ್ರಯತ್ನವೂ ನಡೆದಿದೆ. ಕೇಂದ್ರ ಸರಕಾರ 2018ರಲ್ಲಿ 10 ಜಂಟಿ ಕಾರ್ಯದರ್ಶಿ ಹುದ್ದೆಗಳಿಗೆ ಅರ್ಜಿ ಕರೆಯಿತು. 2024ರ ಆಗಸ್ಟ್‌ನಲ್ಲಿ 45 ಹುದ್ದೆಗಳಿಗೆ ಹೊರಟ ಜಾಹೀರಾತನ್ನು, ಅದರಲ್ಲಿ ಮೀಸಲಾತಿ ಇಲ್ಲವೆಂಬ ಆಕ್ಷೇಪ ಬಂದಾಗ ಕೆಲವೇ ದಿನಗಳಲ್ಲಿ ಹಿಂದಕ್ಕೆ ಪಡೆಯಲಾಯಿತು. ಆಕ್ಷೇಪದಲ್ಲಿ ಅರ್ಥವಿತ್ತು. ಪರಿಣತಿಯ ಹೆಸರಿನಲ್ಲಿ ದುಬಾರಿ ಕಾಲೇಜುಗಳಲ್ಲಿ ಓದಿದವರಷ್ಟೇ ಒಳಗೆ ಬರುವಂತಾದರೆ ಹಿಂದುಳಿದವರಿಗೆ ಆಡಳಿತದ ಬಾಗಿಲು ಮತ್ತೆ ಮುಚ್ಚುತ್ತದೆ. ಹಾಗೆಂದು ಪರಿಣತಿಯೇ ಬೇಡ ಎನ್ನುವಂತಿಲ್ಲ. ಸಾಮಾನ್ಯ ಕುಟುಂಬಗಳ ಮಕ್ಕಳಿಗೂ ಈ ವಿದ್ಯೆ ಎಟಕುವಂತೆ ಮಾಡುವುದೇ ಸರಿಯಾದ ದಾರಿ.

ನಾವೇನು ಮಾಡಬಹುದು?

ದಾರಿ ದೂರವೇನಿಲ್ಲ. ಇಗ್ನೋ ಸಂಸ್ಥೆಯ ಸಾರ್ವಜನಿಕ ಆಡಳಿತದ ಎಂಎ ಕೋರ್ಸನ್ನು ಕೆಲಸದಲ್ಲಿದ್ದುಕೊಂಡೇ ಮಾಡಬಹುದು. ಪಕ್ಕದ ಕಾಸರಗೋಡಿನ ಪೆರಿಯದಲ್ಲಿರುವ ಕೇರಳ ಕೇಂದ್ರೀಯ ವಿಶ್ವವಿದ್ಯಾನಿಲಯದಲ್ಲಿ ಈ ವಿಷಯಕ್ಕೆ ಪ್ರತ್ಯೇಕ ವಿಭಾಗವಿದೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ 2014ರಿಂದ ಸಾರ್ವಜನಿಕ ನೀತಿಯ ಸ್ನಾತಕೋತ್ತರ ಪದವಿ ಇದೆ. ನಮ್ಮ ಚರ್ಚುಗಳಲ್ಲಿ, ಶಾಲಾ ಕಾಲೇಜುಗಳಲ್ಲಿ ನಡೆಯುವ ವೃತ್ತಿ ಮಾರ್ಗದರ್ಶನ ಶಿಬಿರಗಳಲ್ಲಿ ವಿದೇಶಿ ಉದ್ಯೋಗದ ಮಾಹಿತಿಯ ಜೊತೆಗೆ ಇವನ್ನೂ ತಿಳಿಸಬಹುದು. ಒಬ್ಬ ಪಿಡಿಒ ಅಥವಾ ನಿವೃತ್ತ ಬ್ಯಾಂಕ್ ಅಧಿಕಾರಿಯನ್ನು ಕರೆಸಿ ಮಾತನಾಡಿಸಬಹುದು.

ಕಲಿಕೆ ಪುಸ್ತಕದಲ್ಲಿ ಮಾತ್ರ ಇಲ್ಲ. ಗ್ರಾಮಸಭೆಗೆ ಹೋಗುವ, ಪಂಚಾಯತ್ ಜಮಾಬಂದಿಯಲ್ಲಿ ಲೆಕ್ಕಪತ್ರ ಓದಿ ಪ್ರಶ್ನೆ ಕೇಳುವ ಯುವಕ ಯುವತಿಯರಿಗೆ ಅಲ್ಲೇ ಮೊದಲ ಪಾಠ ಸಿಗುತ್ತದೆ. 2011ರ ಸಕಾಲ ಕಾಯಿದೆಯಂತೆ ಸೇವೆ ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಕೇಳುವ ಹಕ್ಕು ನಮಗಿದೆ. ಹಕ್ಕು ಕೇಳುವುದು ಅಗತ್ಯ. ಅದರ ಜೊತೆಗೆ ಕಡತ ಯಾಕೆ ತಡವಾಯಿತು, ಸಿಬ್ಬಂದಿ ಕೊರತೆಯಿಂದಲೋ, ನಿಯಮದ ಗೋಜಲಿನಿಂದಲೋ, ಮನಸ್ಸಿಲ್ಲದ್ದರಿಂದಲೋ ಎಂದು ಹುಡುಕಿ ಸರಿಪಡಿಸಬಲ್ಲವರೂ ಬೇಕು.

ಸರಕಾರಿ ಕಚೇರಿಯ ಕಿಟಕಿಯ ಹೊರಗೆ ನಿಂತು ದೂರುವುದನ್ನು ನಾವು ಚೆನ್ನಾಗಿ ಕಲಿತಿದ್ದೇವೆ. ಕಿಟಕಿಯ ಒಳಗೆ ಕೂತು ಕೆಲಸ ಮಾಡಲು ನಮ್ಮ ಮಕ್ಕಳಲ್ಲಿ ಕೆಲವರನ್ನಾದರೂ ಸಿದ್ಧಗೊಳಿಸೋಣ. ಈ ವರ್ಷ ಫಲಿತಾಂಶ ಬಂದಾಗ 'ಮುಂದೇನು' ಎಂಬ ಪ್ರಶ್ನೆಗೆ ಈ ಉತ್ತರವನ್ನೂ ಮನೆಯಲ್ಲಿ ಒಮ್ಮೆ ಚರ್ಚಿಸಿ ನೋಡಿ.