ಗೋಲು ಹೊಡೆಯದವನು ಹೋದಾಗ

ನಮ್ಮದೊಂದು ಸಣ್ಣ ವಾಟ್ಸಾಪ್ ಗುಂಪಿದೆ. ಐದೇ ಜನ. ಡೊಂಬಿವಲಿಯಲ್ಲಿ ನಾನು, ಕಲ್ಯಾಣದಲ್ಲಿ ಇಬ್ಬರು, ಐರೋಲಿಯಲ್ಲೊಬ್ಬ, ಕಲ್ವಾದಲ್ಲೊಬ್ಬ. ಎಲ್ಲರೂ ಬೆಂಗಳೂರು ಬಿಟ್ಟು ಇಪ್ಪತ್ತು ವರ್ಷ ದಾಟಿದವರು. ಹಲಸೂರಿನ ಪಕ್ಕದ ಗೌತಮಪುರದಲ್ಲಿ, ಪೆಲೆಯ ಪ್ರತಿಮೆ ನಿಲ್ಲಿಸಿರುವ ಕೇರಿಯಲ್ಲಿ, ಚೆಂಡು ಒದ್ದು ಮೊಣಕಾಲು ಒಡೆದುಕೊಂಡವನು ನಾನು. ಉಳಿದವರಲ್ಲಿ ಇಬ್ಬರು ಚೆಂಡು ಮುಟ್ಟಿದ್ದೇ ಇಲ್ಲ. ಆದರೂ ಬೆಂಗಳೂರು ಎಫ್‌ಸಿ ಅಂದರೆ ಐವರಿಗೂ ಒಂದೇ ಜ್ವರ. ಊರಿಗೆ ಹೋಗಲು ಮದುವೆ, ತಿಥಿ ಬೇಕು. ಊರು ತಾನಾಗಿ ಮನೆಗೆ ಬರುವುದು ಈ ಪಂದ್ಯದ ದಿನ ಮಾತ್ರ.

2023ರ ಬೇಸಿಗೆಯಲ್ಲಿ ಈ ಗುಂಪಿಗೆ ಒಂದು ಸುದ್ದಿ ಬಂತು. ಕ್ಲಬ್ಬಿನ ಸಿಇಒ ಮಂದಾರ್ ತಾಮ್ಹಣೆ ಹೋಗುತ್ತಿದ್ದಾರೆ. ಅದರ ಹಿಂದೆಯೇ ಇನ್ನೊಂದು: ಹೋಗುತ್ತಿರುವುದು ನಾರ್ತ್‌ಈಸ್ಟ್ ಯುನೈಟೆಡ್‌ಗೆ, ಅಲ್ಲಿಯೂ ಸಿಇಒ ಆಗಿಯೇ.

ಆಟಗಾರ ಹೋದರೆ ಹೇಗೆ ಅಳಬೇಕೆಂದು ನಮಗೆ ಗೊತ್ತಿದೆ. ಅದೇ ಬೇಸಿಗೆಯಲ್ಲಿ ಉದಾಂತ ಸಿಂಗ್ ಗೋವಾಕ್ಕೆ ಹೋದ. 2014ರಿಂದ ನೀಲಿ ಅಂಗಿಯಲ್ಲೇ ಬಲಬದಿಯ ಗೆರೆ ಹಿಡಿದು ಓಡಿದ ಹುಡುಗ. ಎರಡು ದಿನ ಹಳೆಯ ಗೋಲುಗಳ ವಿಡಿಯೊ ಹಂಚಿಕೊಂಡು ಅತ್ತೆವು. ಆದರೆ ಸಿಇಒ ಹೋದರೆ ಯಾವ ವಿಡಿಯೊ ಹಾಕುವುದು? ಐರೋಲಿಯ ಗೆಳೆಯ ಮೊದಲು ಬರೆದ: ‘ಸೂಟು ಹಾಕಿದವನು ಹೋದರೆ ನಮಗೇನು? ಇನ್ನೊಂದು ಸೂಟು ಬರುತ್ತೆ.’ ಕಲ್ಯಾಣದವನು ಖುಷಿಯಲ್ಲೇ ಇದ್ದ. 2020–21ರಲ್ಲಿ ಏಳನೇ ಸ್ಥಾನ, ಮರುವರ್ಷ ಆರನೇ ಸ್ಥಾನ, ಕೋಚ್ ಮೇಲೆ ಕೋಚ್. ಎಲ್ಲದಕ್ಕೂ ಇವರೇ ಕಾರಣ ಎಂಬುದು ಅವನ ಹಳೆಯ ವಾದ. ನಾನು ಬರೆದದ್ದು ಒಂದೇ ಪದ: ‘ದ್ರೋಹಿ.’ ಪಕ್ಕದಲ್ಲೊಂದು ಕೆಂಪು ಮುಖದ ಚಿತ್ರ.

ಈಗ ಅದನ್ನು ನೆನೆದರೆ ಸಂಕೋಚವಾಗುತ್ತದೆ.

ಲೆಕ್ಕ ನೋಡಿ. ಕ್ಲಬ್ ಹುಟ್ಟಿದ್ದು 2013ರಲ್ಲಿ, ಜೆಎಸ್‌ಡಬ್ಲ್ಯು ಹಣದಿಂದ. ತಾಮ್ಹಣೆ ಮೊದಲಿನಿಂದಲೂ ಜೊತೆಗಿದ್ದವರು. ಆಗ ತಾಂತ್ರಿಕ ಹೊಣೆ, ಆಮೇಲೆ ಸಿಇಒ. ಮೊದಲ ವರ್ಷವೇ ಐ-ಲೀಗ್. 2016ರಲ್ಲಿ ಮತ್ತೊಮ್ಮೆ. ಎರಡು ಫೆಡರೇಷನ್ ಕಪ್, 2018ರ ಸೂಪರ್ ಕಪ್, 2019ರ ಐಎಸ್‌ಎಲ್, 2022ರ ಡ್ಯುರಾಂಡ್. ಹತ್ತು ವರ್ಷದಲ್ಲಿ ಏಳು ಕಪ್ಪು. 2016ರ ಅಕ್ಟೋಬರಿನಲ್ಲಿ ಮಲೇಷ್ಯಾದ ಜೊಹೊರ್ ತಂಡವನ್ನು ಕಂಠೀರವದಲ್ಲಿ 3–1ರಿಂದ ಸೋಲಿಸಿ ಎಎಫ್‌ಸಿ ಕಪ್ಪಿನ ಫೈನಲ್ ತಲುಪಿದ ರಾತ್ರಿ ಬೇರೆ. ಇವನ್ನೆಲ್ಲ ನಾವು ಛೆಟ್ರಿಯ ಖಾತೆಗೆ, ವೆಸ್ಟ್‌ವುಡ್ ಖಾತೆಗೆ, ರೋಕಾ ಖಾತೆಗೆ ಬರೆದುಕೊಂಡಿದ್ದೇವೆ. ತಪ್ಪೇನಿಲ್ಲ. ಆದರೆ ಆ ವೆಸ್ಟ್‌ವುಡ್‌ನನ್ನು, ರೋಕಾನನ್ನು ಹುಡುಕಿ ತರುವುದೂ ಒಂದು ಕೆಲಸ. ಲೈಸೆನ್ಸಿನ ಕಾಗದ, ವಿದೇಶಿ ಆಟಗಾರನ ವೀಸಾ, ಟಿಕೆಟ್ಟು, ಸರ್ಕಾರದ ಕೈಯಲ್ಲಿರುವ ಕ್ರೀಡಾಂಗಣ. ಕಂಠೀರವ ಓಟಗಾರರಿಗೋ ಫುಟ್‌ಬಾಲಿಗೋ ಎಂಬ ತಕರಾರು ಕೋರ್ಟಿನವರೆಗೂ ಹೋಗಿತ್ತಲ್ಲ! ಅಂಥ ದಿನಗಳಲ್ಲಿ ನಾವು ಕೇಳುತ್ತಿದ್ದುದು ಒಂದೇ ಪ್ರಶ್ನೆ: ಮ್ಯಾಚ್ ಎಷ್ಟು ಗಂಟೆಗೆ?

2019ರ ಮಾರ್ಚ್ 17, ಭಾನುವಾರ. ಐಎಸ್‌ಎಲ್ ಫೈನಲ್ ನಮ್ಮ ಅಂಧೇರಿಯಲ್ಲಿ. ಡೊಂಬಿವಲಿಯಿಂದ ಘಾಟ್‌ಕೋಪರ್, ಅಲ್ಲಿಂದ ಮೆಟ್ರೊ ಹಿಡಿದು ಆಜಾದ್ ನಗರ. ಬೆಂಗಳೂರಿನಿಂದ ಬಂದ ಹುಡುಗರ ನಡುವೆ ನಾವು ಐದು ಜನ ನರೆತವರು. ತೊಂಬತ್ತು ನಿಮಿಷ ಗೋಲಿಲ್ಲ. ಹೆಚ್ಚುವರಿ ಅವಧಿಯೂ ಮುಗಿಯುತ್ತ ಬಂತು. ಕೊನೆಯ ಲೋಕಲ್ ತಪ್ಪೀತೆಂದು ಕಲ್ವಾದ ಗೆಳೆಯ ಎರಡು ಸಲ ಎದ್ದು ಕೂತ. 117ನೇ ನಿಮಿಷ, ಕಾರ್ನರ್, ರಾಹುಲ್ ಭೆಕೆಯ ತಲೆ. 1–0. ಗೆಲ್ಲಿಸಿದವನು ಮುಂಬೈ ಹುಡುಗ ಎಂದು ಆಮೇಲೆ ನಾವು ಊರೆಲ್ಲ ಹೇಳಿಕೊಂಡು ತಿರುಗಿದೆವು. ಹಾಗೆ ನೋಡಿದರೆ ಬೆಂಗಳೂರು ತಂಡಗಳಿಗೆ ಮುಂಬೈಗೆ ಬಂದು ಕಪ್ ಒಯ್ಯುವುದು ಹಳೆಯ ಚಾಳಿ. ಬೆಂಗಳೂರು ಮುಸ್ಲಿಮ್ಸ್ ತಂಡ 1937ರಲ್ಲೇ ಇಲ್ಲಿ ರೋವರ್ಸ್ ಕಪ್ ಗೆದ್ದಿತ್ತು.

‘ದ್ರೋಹಿ’ ಪದಕ್ಕೆ ಬರುತ್ತೇನೆ. ನಾನು ಅದನ್ನು ಕಳಿಸುವಾಗ ಹೆಂಡತಿ ಪಕ್ಕದಲ್ಲಿ ಅವರೆಕಾಳು ಸುಲಿಯುತ್ತಿದ್ದಳು. ಯಾರಿಗೆ ಅಂತ ಕೇಳಿದಳು, ಹೇಳಿದೆ. ‘ನಿಮ್ಮನ್ನೂ ಹೀಗೇ ಅಂದಿದ್ದರಲ್ಲ’ ಅಂದಳು. ಅಷ್ಟೇ, ಮತ್ತೆ ಅವರೆಕಾಳು.

ನಿಜ. ಠಾಣೆ–ಬೇಲಾಪುರ ರಸ್ತೆಯ ಒಂದು ಕಾರ್ಖಾನೆಯಲ್ಲಿ ಹದಿನೇಳು ವರ್ಷ ಸರಕು ರವಾನೆ ನೋಡಿಕೊಂಡಿದ್ದವನು ನಾನು. ಯಾವ ಲಾರಿ ಎಲ್ಲಿ ಕೆಟ್ಟು ನಿಂತಿದೆ, ಯಾವ ಚೆಕ್‌ಪೋಸ್ಟಿನಲ್ಲಿ ಯಾವ ಕಾಗದ ಕೇಳುತ್ತಾರೆ, ಎಲ್ಲ ನನ್ನ ತಲೆಯಲ್ಲಿತ್ತು. ಮಾಲು ಸರಿಯಾಗಿ ತಲುಪಿದ ದಿನ ಯಾರೂ ನನ್ನ ಹೆಸರು ಹೇಳಿದ್ದಿಲ್ಲ. 2014ರಲ್ಲಿ, ಮಗನ ಶಾಲೆಯ ಖರ್ಚು ಏರಿದಾಗ, ಅದೇ ರಸ್ತೆಯ ಇನ್ನೊಂದು ಕಂಪನಿಗೆ ಹೋದೆ. ಬೆಳಗಿನ ಲೋಕಲ್‌ನಲ್ಲಿ ವರ್ಷಗಟ್ಟಲೆ ನಾಲ್ಕನೇ ಸೀಟು ಬಿಟ್ಟುಕೊಡುತ್ತಿದ್ದ ಹಳೆಯ ಸಹೋದ್ಯೋಗಿಗಳು ಮರುವಾರ ಬ್ಯಾಗು ಸರಿಸಲಿಲ್ಲ. ಠಾಣೆಯವರೆಗೆ ನಿಂತೇ ಹೋದೆ. ಕಿಟಕಿ ಕಡೆಯಿಂದ ಯಾರೋ ಮರಾಠಿಯಲ್ಲಿ ‘ಗದ್ದಾರ್’ ಅಂದದ್ದು ಕೇಳಿಸಿತು. ತಮಾಷೆಗೇ ಇರಬಹುದು. ಒಂಬತ್ತು ವರ್ಷವಾದರೂ ಹೆಂಡತಿಗೆ ನೆನಪಿದೆ ಎಂದರೆ, ಆ ದಿನ ಮನೆಗೆ ಬಂದು ನಾನೇ ಎಷ್ಟು ಸಲ ಹೇಳಿಕೊಂಡಿರಬೇಕು!

ಗುಂಪಿನಲ್ಲಿ ಆ ಸಂದೇಶ ಅಳಿಸಿದೆ. ‘ಯಾಕೆ ಅಳಿಸಿದೆ?’ ಎಂದು ನಾಲ್ವರೂ ಕೇಳಿದರು. ಉತ್ತರ ಕೊಡಲಿಲ್ಲ.

ಮುಂದಿನ ಸೀಸನ್ ನೆನಪಿದೆಯಲ್ಲ? ಹನ್ನೆರಡು ತಂಡಗಳಲ್ಲಿ ನಮ್ಮದು ಹತ್ತನೆಯದು. ಡಿಸೆಂಬರಿನಲ್ಲೇ ಕೋಚ್ ಗ್ರೇಸನ್ ಹೊರಗೆ. ಅತ್ತ, 2022–23ರಲ್ಲಿ ಇಪ್ಪತ್ತು ಪಂದ್ಯ ಆಡಿ ಒಂದೇ ಒಂದು ಗೆದ್ದು ತಳದಲ್ಲಿ ಬಿದ್ದಿದ್ದ ನಾರ್ತ್‌ಈಸ್ಟ್ ಏಳನೇ ಸ್ಥಾನಕ್ಕೆ ಬಂತು. ಒಬ್ಬ ಮನುಷ್ಯ ಹೋದದ್ದಕ್ಕೇ ಇವರು ಇಳಿದರು, ಅವನು ಬಂದದ್ದಕ್ಕೇ ಅವರು ಏರಿದರು ಎಂದು ನಾನು ಹೇಳುವುದಿಲ್ಲ. ಅಲ್ಲಿಗೆ ಬೆನಾಲಿ ಎಂಬ ಒಳ್ಳೆಯ ಕೋಚ್ ಬಂದಿದ್ದರು. ನಮ್ಮಲ್ಲಿ ಕಾಲು ಸೋತವರು ಹಲವರಿದ್ದರು. ಆದರೆ ಕಲ್ಯಾಣದ ಗೆಳೆಯ ತನ್ನ ಹಳೆಯ ವಾದವನ್ನು ಆ ವರ್ಷ ಎತ್ತಲಿಲ್ಲ.

2024ರ ಡ್ಯುರಾಂಡ್ ಕಪ್ಪಿನ ಸೆಮಿಫೈನಲ್‌ನಲ್ಲಿ ನಾವು ಮೋಹನ್ ಬಾಗಾನ್ ಮೇಲೆ 2–0 ಮುಂದಿದ್ದು, ಕೊನೆಗೆ ಪೆನಾಲ್ಟಿಯಲ್ಲಿ ಸೋತೆವು. ನಾಲ್ಕು ದಿನ ಬಿಟ್ಟು, ಆಗಸ್ಟ್ 31ರಂದು, ಅದೇ ಬಾಗಾನ್‌ಗೆ ಎದುರಾಳಿ ನಾರ್ತ್‌ಈಸ್ಟ್. ಈ ಸಲ 2–0 ಮುಂದಿದ್ದದ್ದು ಬಾಗಾನ್. ನನ್ನ ಮಗ ಡೊಂಬಿವಲಿಯಲ್ಲೇ ಹುಟ್ಟಿದವನು, ಮುಂಬೈ ಸಿಟಿಯ ಕಟ್ಟಾ ಅಭಿಮಾನಿ. 2023ರ ಸೆಮಿಫೈನಲ್‌ನಲ್ಲಿ ನಾವು ಅವರನ್ನು ಪೆನಾಲ್ಟಿಯಲ್ಲಿ 9–8ರಿಂದ ಹೊರಗಟ್ಟಿದ ರಾತ್ರಿ ಊಟ ಬಿಟ್ಟವನು. ಅವನ ಮೊಬೈಲಿನಲ್ಲೇ ಇಬ್ಬರೂ ನೋಡುತ್ತಿದ್ದೆವು. ನಾರ್ತ್‌ಈಸ್ಟ್ ಎರಡೂ ಗೋಲು ತೀರಿಸಿ, ಪೆನಾಲ್ಟಿಯಲ್ಲಿ ಕಪ್ ಗೆದ್ದಿತು. ಅವರ ಮೊದಲ ಕಪ್. ನನಗೇ ತಿಳಿಯದೆ ಚಪ್ಪಾಳೆ ತಟ್ಟಿದ್ದೆ. ‘ಪಪ್ಪಾ, ಇದು ಯಾವಾಗಿನಿಂದ ನಿಮ್ಮ ಟೀಮು?’ ಎಂದ. ‘ನಮ್ಮವರೊಬ್ಬರು ಅಲ್ಲಿ ಕೆಲಸಕ್ಕಿದ್ದಾರೆ’ ಎಂದೆ. ದೂರದ ನೆಂಟರ ಬಗ್ಗೆ ಹೇಳುವ ಧಾಟಿಯಲ್ಲಿ. ಅವನು ಒಪ್ಪಿಕೊಂಡ.

ಆಮೇಲೆ ಬಂದದ್ದು 2025ರ ಆಗಸ್ಟ್. ಲೀಗ್ ನಡೆಯುತ್ತದೋ ಇಲ್ಲವೋ ಎಂಬ ಗೊಂದಲದಲ್ಲಿ ಬೆಂಗಳೂರು ಎಫ್‌ಸಿ ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸಿತು. ಮಹೀಂದ್ರ ಯುನೈಟೆಡ್ 2010ರಲ್ಲಿ ಬಾಗಿಲು ಹಾಕಿದ್ದನ್ನು ನಾವು ಮುಂಬೈಯಲ್ಲೇ ಕೂತು ನೋಡಿದವರು. ದೇಶದ ಲೀಗ್ ಗೆದ್ದ ತಂಡವೂ ಒಂದು ತೀರ್ಮಾನಕ್ಕೆ ಮಾಯವಾಗುತ್ತದೆ ಎಂಬುದು ಗೊತ್ತಿತ್ತು. ಗುಂಪಿನಲ್ಲಿ ಆ ರಾತ್ರಿ ಬಹಳ ಹೊತ್ತು ಯಾರೂ ಏನೂ ಬರೆಯಲಿಲ್ಲ. ಹನ್ನೊಂದು ಗಂಟೆ ದಾಟಿದ ಮೇಲೆ ಐರೋಲಿಯ ಗೆಳೆಯನದೇ ಸಂದೇಶ ಬಂತು, ಅದೇ ಸೂಟಿನ ಮಾತಾಡಿದವನದು:

‘ಛೆಟ್ರಿ ಹೇಗೋ ನಡೆಸ್ತಾನೆ. ಅಂಗಿ ಒಗೆಯೋರು, ಮಸಾಜ್ ಮಾಡೋರು, ಆಫೀಸಿನಲ್ಲಿ ಟಿಕೆಟ್ ನೋಡೋ ಹುಡುಗರು... ಇವರ ಹೆಸರು ಯಾರಿಗಾದ್ರೂ ಗೊತ್ತೇನ್ರೋ?’

ಯಾರಿಗೂ ಗೊತ್ತಿರಲಿಲ್ಲ.