ಮೂಗಿಗೆ ತಡವಾಗಿ ತಿಳಿಯುವ ಸುದ್ದಿ

ಜಮಖಂಡಿ ಸೀಮೆಯ ಚಿಮ್ಮಡದ ಸುತ್ತ ಇಂದು ಕಬ್ಬಿನ ಹಸಿರೇ ಹೆಚ್ಚಾಗಿ ಕಂಡರೂ, ಆ ಭಾಗದ ಎರೆಹೊಲಗಳ ಹಳೆಯ ಹಿಂಗಾರಿ ಸಂಪತ್ತೆಂದರೆ ಬಿಳಿಜೋಳ ಮತ್ತು ಕುಸುಬೆ. ಜೋಳಕ್ಕೆ ದನ ನುಗ್ಗದಂತೆ ಅಂಚಿನಲ್ಲಿ ಬೇಲಿಯಾಗಿ ನಿಲ್ಲುವ ಈ ಮುಳ್ಳುಗಿಡದ ಬೀಜವೇ ಗಾಣಕ್ಕೆ ಹೋಗಿ ಎಣ್ಣೆಯಾಗಿ ಅಡಿಗೆಮನೆಗೆ ಬರುವುದು. ಬಂದಾಗ ಘಮಘಮಿಸುವ ಎಣ್ಣೆಗೆ ಕೆಲವು ತಿಂಗಳಲ್ಲೇ ಕಮಟು ಹಿಡಿಯುವುದೇಕೆ?

ಕುಸುಬೆಯೆಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಸುಮಾರು ಮುಕ್ಕಾಲು ಪಾಲು ಲಿನೋಲಿಯಿಕ್ ಆಮ್ಲ. ವೈದ್ಯರು ಮೆಚ್ಚುವ ಈ ಆಮ್ಲವೇ ಗಾಳಿಯ ಆಮ್ಲಜನಕಕ್ಕೆ ಬಹುಬೇಗ ಸೋಲುತ್ತದೆ. ಮೊದಲು ಹುಟ್ಟುವ ಪೆರಾಕ್ಸೈಡುಗಳಿಗೆ ವಾಸನೆಯೇ ಇಲ್ಲ. ಅವು ಒಡೆದು ಆಲ್ಡಿಹೈಡುಗಳಾದ ಮೇಲೆಯೇ ಮೂಗಿಗೆ ಸುದ್ದಿ ಮುಟ್ಟುವುದು. ಅಷ್ಟರಲ್ಲಿ ಎಣ್ಣೆಯನ್ನು ಕಾಯುತ್ತಿದ್ದ ‘ಇ’ ಜೀವಸತ್ವವೂ ಬಹುಮಟ್ಟಿಗೆ ವ್ಯಯವಾಗಿರುತ್ತದೆ.

ಪ್ರಯೋಗಶಾಲೆಯವರು ಆ ಮೊದಲ ಘಟ್ಟದಲ್ಲಿಯೇ ಕಳ್ಳನನ್ನು ಹಿಡಿಯುತ್ತಾರೆ. ಎಣ್ಣೆಯನ್ನು ದ್ರಾವಕದಲ್ಲಿ ಕರಗಿಸಿ ಪೊಟ್ಯಾಸಿಯಂ ಅಯೊಡೈಡನ್ನು ಬೆರೆಸಿದರೆ, ಪೆರಾಕ್ಸೈಡು ಇದ್ದಷ್ಟಕ್ಕೆ ತಕ್ಕಂತೆ ಅಯೊಡೀನು ಬಿಡುಗಡೆಯಾಗುತ್ತದೆ. ಪಿಷ್ಟದ ತಿಳಿಯನ್ನು ಹಾಕಿದೊಡನೆ ಅದು ನೀಲಿ. ಆ ನೀಲಿ ಮಾಯವಾಗುವವರೆಗೆ ಥಯೊಸಲ್ಫೇಟ್ ದ್ರಾವಣವನ್ನು ಹನಿಹನಿಯಾಗಿ ಬಿಡುತ್ತಾರೆ. ಬಿಟ್ಟ ದ್ರಾವಣದ ಅಳತೆಯೇ ಎಣ್ಣೆ ಎಷ್ಟು ಕೆಟ್ಟಿದೆಯೆಂಬುದರ ಲೆಕ್ಕ. ಇದಕ್ಕೆ ‘ಪೆರಾಕ್ಸೈಡ್ ಸಂಖ್ಯೆ’ ಎಂದು ಹೆಸರು. ಅಂತರರಾಷ್ಟ್ರೀಯ ಕೋಡೆಕ್ಸ್ ಮಾನದಂಡದಂತೆ ಶುದ್ಧೀಕರಿಸಿದ ಎಣ್ಣೆಗೆ ಅದರ ಮಿತಿ 10. ಬಿಸಿಯಿಲ್ಲದೆ ಹಿಂಡಿದ ಎಣ್ಣೆಗೆ 15.

ಆದರೆ ಈ ಸಂಖ್ಯೆಯನ್ನೊಂದನ್ನೇ ನಂಬುವಂತಿಲ್ಲ. ಪೆರಾಕ್ಸೈಡುಗಳು ಒಡೆಯತೊಡಗಿದಂತೆ ಏರಿದ ಸಂಖ್ಯೆ ಇಳಿಯುತ್ತದೆ; ಪೂರ್ತಿ ಕೆಟ್ಟ ಎಣ್ಣೆ ಕಾಗದದ ಮೇಲೆ ಸಾಧುವಾಗಿ ಕಾಣಬಹುದು. ಆದುದರಿಂದಲೇ ಆಲ್ಡಿಹೈಡುಗಳನ್ನು ಅಳೆಯುವ ಅನಿಸಿಡಿನ್ ಪರೀಕ್ಷೆಯನ್ನೂ ಜೊತೆಗೆ ಮಾಡುವುದು. ಕರಿದ ಎಣ್ಣೆಯ ನ್ಯಾಯವೇ ಬೇರೆ: 2018ರ ಜುಲೈ 1ರಿಂದ ಭಾರತದಲ್ಲಿ, ಅದರ ‘ಧ್ರುವೀಯ ಸಂಯುಕ್ತ’ಗಳು ನೂರಕ್ಕೆ 25ನ್ನು ಮೀರಿದರೆ ಮತ್ತೆ ಬಾಣಲೆಗೆ ಹಾಕುವಂತಿಲ್ಲ.

ಮನೆಯಲ್ಲಿ ಪ್ರಯೋಗಶಾಲೆಯಿಲ್ಲ, ನಿಜ. ಅಲ್ಲಿ ಬಹುಪಾಲು ಕೇಡು ನಡೆಯುವುದು ಡಬ್ಬಿಯ ತಳದಲ್ಲಿ. ಉಳಿದ ಹಳೆಯ ಎಣ್ಣೆಯ ಮೇಲೆ ಹೊಸದನ್ನು ಸುರಿಯುವ ಮಿತವ್ಯಯ, ಹಾಲಿಗೆ ಹೆಪ್ಪು ಹಾಕಿದಂತೆಯೇ ಸರಿ. ಹಳೆಯ ಪೆರಾಕ್ಸೈಡುಗಳು ಹೊಸ ಎಣ್ಣೆಯನ್ನು ಬೇಗ ಕೆಡಿಸುತ್ತವೆ. ತಾಮ್ರದ ಅಂಶ ಬೆರೆತರೂ ಅದೇ ಗತಿ. ಅಜ್ಜಿಯ ಕಾಲದ ಕಲಾಯಿಯಿಲ್ಲದ ಹಿತ್ತಾಳೆಯ ಪಾತ್ರೆ ಎಷ್ಟೇ ಹೊಳೆಯಲಿ, ಎಣ್ಣೆಗೆ ಒಗ್ಗದು. ಒಲೆಯ ಪಕ್ಕದ ಗೂಡು, ಬಿಸಿಲು ಬೀಳುವ ಕಿಟಕಿ ಎರಡೂ ಬೇಡ. ಒಂದು ತಿಂಗಳಿಗೆ ಸಾಲುವಷ್ಟನ್ನೇ ತಂದು, ಸೀಸೆಯನ್ನು ತೊಳೆದು, ತೇವವಾರಿಸಿ, ಕತ್ತಿನವರೆಗೆ ತುಂಬಿ, ಬಿಗಿಯಾಗಿ ಮುಚ್ಚಿಟ್ಟರೆ ಕುಸುಬೆಯೆಣ್ಣೆಯೂ ಕಮಟಾಗುವ ಮೊದಲೇ ಮುಗಿದಿರುತ್ತದೆ.